ಲೇಬಲಕ್ಕನ ಕಪ್ಪು

ಮದುವೆಯಾದ ಹೊಸತು. ಗಂಡ ಗೆದ್ದು ತಂದ ಮೊದಲ ಕ್ಯಾರಂ ಕಪ್ಪನ್ನು ಸೆರಗಿನಲ್ಲಿ ಒರೆಸಿ ಶೋಕೇಸಿನಲ್ಲಿಡುತ್ತಿದ್ದ ಹೆಂಡತಿಗೆ ಆತ ಒಂದು ಮಾತು ಕೊಟ್ಟಿದ್ದ.

"ನಿನ್ನ ಹೆಸರಿಗೂ ಒಂದೇ ಒಂದು ಕಪ್ಪು ಬರಲಿ ಕಣೇ. ಅವತ್ತಿಂದ ಈ ಶೋಕೇಸಿನ ಧೂಳು ಹೊಡೆಯೋ ಕೆಲಸ ನಂದು."

ಆಗ ಶೋಕೇಸಿನಲ್ಲಿದ್ದದ್ದು ಅದೊಂದೇ. ಈಗ ಕಪ್ಪುಗಳು ಮೂರು ಅಂತಸ್ತೂ ತುಂಬಿ, ಟೀವಿಯ ನೆತ್ತಿ ಹತ್ತಿ, ಫ್ರಿಜ್ಜಿನ ಮೇಲೂ ಬಿಡಾರ ಹೂಡಿದ್ದವು. ಗಂಡನ ಕ್ಯಾರಂ, ಮಗಳ ಈಜು, ಮಗನ ವಿಜ್ಞಾನ ಮಾದರಿ. ಹೆಂಡತಿಯ ಹೆಸರಿದ್ದ ವಸ್ತು ಆ ನಡುಮನೆಯಲ್ಲಿ ಒಂದೇ ಒಂದು: ಮಿಕ್ಸಿಯ ಗ್ಯಾರಂಟಿ ಕಾರ್ಡು.

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಕೊರಳಿಗೆ ಲೇಬಲ್ ಹೊಲಿಯುವವಳು. ಹಾಗಾಗಿ ಕಟ್ಟಡದವರಿಗೆಲ್ಲ ಅವಳು ಲೇಬಲಕ್ಕ. ಗಂಡ ವಾಚ್ ರಿಪೇರಿ ಮಾಡುತ್ತಿದ್ದ. ಊರವರ ಗಡಿಯಾರಗಳನ್ನೆಲ್ಲ ಸರಿಮಾಡುವ ಆತ ಮನೆಗೆ ಮಾತ್ರ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಸಂಜೆಯೆಲ್ಲ ಕ್ಲಬ್ಬಿನ ಕ್ಯಾರಂ ಬೋರ್ಡಿಗೇ ಮೀಸಲು. ಅಲ್ಲಿ ಆತನಿಗೆ ಸ್ಟ್ರೈಕರ್ ಎಂದೇ ಹೆಸರು.

ಆ ಭಾನುವಾರ ಎಂದಿನಂತೆ ಧೂಳು ಹೊಡೆಯುತ್ತಿದ್ದಾಗ ಒಂದು ಕಪ್ಪು ಜಾರಿ ಬಿತ್ತು. ಅದರ ತುದಿಯಲ್ಲಿ ನಿಂತಿದ್ದ ಪುಟ್ಟ ಹಿತ್ತಾಳೆ ಮನುಷ್ಯನ ಕೈ ಮುರಿಯಿತು.

"ಮೆಲ್ಲಗೆ ಕಣೇ!" ಸ್ಟ್ರೈಕರ್ ಚಪ್ಪಲಿ ಮೆಟ್ಟುತ್ತ ಗದರಿದ. ಅವತ್ತು ಕ್ಲಬ್ಬಿನಲ್ಲಿ ಫೈನಲ್ ಪಂದ್ಯ. "ನೀನೂ ಒಂದು ಗೆದ್ದಿದ್ರೆ ಅದರ ಬೆಲೆ ಗೊತ್ತಾಗಿರೋದು."

ಬಾಗಿಲು ಮುಚ್ಚಿತು. ಲೇಬಲಕ್ಕ ನೆಲದ ಮೇಲೆ ಕೂತಳು. ಕೈಗೆ ಸಿಕ್ಕಿದ್ದು ಮಗನ ಶಾಲೆಯ ಪದಕ: 'ಅತಿ ಶುಭ್ರ ಸಮವಸ್ತ್ರ, ಪ್ರಥಮ'.

"ಒಗೆದೋರು ಯಾರು?" ಎಂದು ಅವಳು ಪದಕವನ್ನೇ ಕೇಳಿದಳು.

ಅವಳು ಎದ್ದು, ಕಾರ್ಖಾನೆಯಲ್ಲಿ ಬೇಡವಾಗಿ ಉಳಿದಿದ್ದ ಬಿಳಿ ಲೇಬಲ್ ಪಟ್ಟಿಯ ಸುರುಳಿ, ಅಳಿಸದ ಶಾಯಿಯ ಪೆನ್ನು, ಸೂಜಿ ದಾರ ತಂದಳು. ಕಪ್ಪುಗಳನ್ನೆಲ್ಲ ನೆಲಕ್ಕಿಳಿಸಿದಳು. ವರ್ಷದ ಲೆಕ್ಕ ಬೇಡ, ಆಟದ ಲೆಕ್ಕವೂ ಬೇಡ. ತಾನು ಕಾದದ್ದು ಒಂದು ಸಾಲು, ಹೊತ್ತದ್ದು ಒಂದು ಸಾಲು, ಒಗೆದದ್ದು ಒಂದು ಸಾಲು. ಒಂದೊಂದರ ಕೊರಳಿಗೂ ಪಟ್ಟಿ ಸುತ್ತಿ ಹೊಲಿದ ಲೇಬಲ್ ಬಿತ್ತು.

'ಕ್ಯಾರಂ, ಸೆಮಿಫೈನಲ್. ಊಟ ನಾಲ್ಕು ಸಲ ಬಿಸಿ ಮಾಡಿದ ನೆನಪಿಗೆ. ಸೈಜು: ಮೀಡಿಯಂ.'

'ಈಜು, ಇನ್ನೂರು ಮೀಟರ್. ಚಳಿಯಲ್ಲಿ ಟವೆಲ್ ಹಿಡಿದು ನಿಂತವಳು ಅಮ್ಮ. ಸೈಜು: ಲಾರ್ಜ್.'

'ಜ್ವಾಲಾಮುಖಿ ಮಾದರಿ. ಸುಟ್ಟದ್ದು ಅಮ್ಮನ ಒಳ್ಳೇ ಬಾಣಲೆ. ಸೈಜು: ಲಾರ್ಜ್.'

ಅಂಗಿಗೆ ಇರುವಂತೆ ಹಿಂಬದಿಗೆ ಒಗೆತದ ಸೂಚನೆಯೂ ಬೇಡವೇ? ಎಲ್ಲದರ ಹಿಂದೆಯೂ ಬರೆದಳು: 'ಒಣ ಬಟ್ಟೆಯಲ್ಲಿ ಮಾತ್ರ ಒರೆಸಿ. ಗಂಡಸರ ಕೈ ತಾಗಿದರೆ ಬಣ್ಣ ಬಿಡುವುದಿಲ್ಲ.'

ಸಕ್ಕರೆ ಕೇಳಲು ಬಂದ ಎದುರುಮನೆ ನರ್ಸಮ್ಮ ಒಂದು ಲೇಬಲ್ ಓದಿದಳು, ಎರಡು ಓದಿದಳು, ಮೂರನೆಯದಕ್ಕೆ ಸಕ್ಕರೆಯನ್ನೇ ಮರೆತಳು. ಹೊರಗೋಡಿ ಮೆಟ್ಟಿಲ ಬುಡದಲ್ಲಿ ನಿಂತು, "ಬನ್ರೇ, ಎಲ್ಲಾ ಬನ್ನಿ! ಲೇಬಲಕ್ಕ ನ್ಯಾಯ ಹೇಳ್ತಿದ್ದಾಳೆ!" ಎಂದು ಕೂಗಿದಳು.

ಸ್ವಲ್ಪ ಹೊತ್ತಿನಲ್ಲೇ ನಡುಮನೆ ಬಸ್ ನಿಲ್ದಾಣವಾಯಿತು. ಮೇಲ್ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರು ಬಾಗಿಲಲ್ಲಿ ನಿಂತು ಎದೆಯುಬ್ಬಿಸಿದರು.

"ಇದು ಅಶಿಸ್ತು! ಗೆದ್ದೋರ ಹೆಸರು ಬಿಟ್ಟು ಟವೆಲ್ ಹಿಡಿದೋರ ಹೆಸರಾ?"

"ಟವೆಲ್ ಹಿಡೀದೆ ಇದ್ದಿದ್ರೆ ಗೆದ್ದೋರಿಗೆ ನೆಗಡಿ ಆಗಿರೋದು ಮೇಷ್ಟ್ರೇ," ಎಂದಳು ಲೇಬಲಕ್ಕ, ದಾರ ಹಲ್ಲಿನಲ್ಲಿ ಕಡಿಯುತ್ತ.

ಅಷ್ಟರಲ್ಲಿ ಮೇಷ್ಟ್ರ ಬೆನ್ನ ಹಿಂದಿನಿಂದ ಬಟ್ಟೆ ಒಗೆಯುವ ಟಬ್ಬೊಂದು ಒಳಗೆ ತೂರಿ ಬಂತು. ಟಬ್ಬಿನ ತುಂಬ ಮೇಷ್ಟ್ರ ಪದಕಗಳು. ಹಿಡಿದುಕೊಂಡವರು ಅವರ ಹೆಂಡತಿ.

"ನಂಗೂ ಒಂದಷ್ಟು ಹೊಲ್ಕೊಡಮ್ಮ," ಎಂದರು ಆಕೆ ಮೆತ್ತಗೆ. "ಇವರು ಪೆರೇಡಿಗೆ ಹೋಗುವಾಗೆಲ್ಲ ಬೂಟಿಗೆ ಪಾಲಿಷ್ ಹಾಕಿದ್ದು ನಾನೇ."

ಮೇಷ್ಟ್ರ ಎದೆ ಗಾಳಿ ಬಿಟ್ಟ ಬಲೂನಿನಂತೆ ಕೆಳಗಿಳಿಯಿತು.

ಈ ಗದ್ದಲದ ನಡುವೆ ಕ್ಲಬ್ಬಿನ ಕಾರ್ಯದರ್ಶಿ ಬಂದ. ರೋಲಿಂಗ್ ಷೀಲ್ಡ್ ಬೇಕಿತ್ತು. ಗೆದ್ದವರ ಮನೆಯಲ್ಲಿ ಒಂದು ವರ್ಷವಿದ್ದು, ಮುಂದಿನ ಫೈನಲ್ ದಿನ ಕ್ಲಬ್ಬಿಗೆ ಮರಳುವ ಷೀಲ್ಡ್ ಅದು. ನೆಲದ ಮೇಲಿದ್ದುದನ್ನು ಎತ್ತಿ, ಹಳೇ ಪೇಪರಿನಲ್ಲಿ ಸುತ್ತಿಕೊಂಡು ಹೊರಟೇ ಹೋದ.

ಸಂಜೆ ಮೇಷ್ಟ್ರ ಕಟ್ಟಕಡೆಯ ಪದಕಕ್ಕೆ ಗಂಟು ಹಾಕುವಾಗ ಲೇಬಲಕ್ಕನ ಕೈ ನಿಂತಿತು.

"ನರ್ಸಮ್ಮಾ, ಷೀಲ್ಡಿಗೂ ಲೇಬಲ್ ಹೊಲಿದಿದ್ದೆ!"

"ಹೊಲಿದ್ರೆ ಏನಂತೆ?"

"ಇವತ್ತು ಅದನ್ನ ಸ್ಟೇಜಿನ ಮೇಲೆ ಇಡ್ತಾರೆ!"

ಇಬ್ಬರೂ ಓಡಿದರು. ಕಟ್ಟಡದ ಅರ್ಧ ಜನ ಏನು ಎತ್ತ ಎಂದು ಕೇಳದೆ ಹಿಂದೆ ಓಡಿದರು. ದಾರಿಯ ಮಧ್ಯೆ ಲೇಬಲಕ್ಕ ಗಕ್ಕನೆ ನಿಂತಳು.

"ನಾನ್ಯಾಕೆ ಓಡ್ಲಿ? ಬರೆದಿದ್ದು ಸುಳ್ಳಾ?"

ಅಲ್ಲಿಂದ ಮುಂದಕ್ಕೆ ಅವಳು ನಡೆದೇ ಹೋದಳು.

ಕ್ಲಬ್ಬಿನಲ್ಲಿ ಪಂದ್ಯ ಮುಗಿದಿತ್ತು. ಮನೆಮನೆಗೆ ಹಾಲು ಹಾಕುವವನ ಎದುರು ಸೋತ ಸ್ಟ್ರೈಕರ್ ಮುಂದಿನ ಸಾಲಿನಲ್ಲಿ ಒಡೆದ ಹಾಲಿನ ಮುಖ ಮಾಡಿಕೊಂಡು ಕೂತಿದ್ದ. ಮುಖ್ಯ ಅತಿಥಿ ಕಣ್ಣಿನ ಡಾಕ್ಟರು. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ ಅವರು ಷೀಲ್ಡಿನ ಲೇಬಲ್ಲನ್ನು ಮೂಗಿಗೆ ಹಿಡಿದು, ಇದೇ ಸನ್ಮಾನದ ಒಕ್ಕಣೆ ಎಂದುಕೊಂಡು ಮೈಕಿನಲ್ಲಿ ಗಟ್ಟಿಯಾಗಿ ಓದಿದರು.

"ಇವರು ಇದನ್ನು ಗೆದ್ದ ದಿನ ಮಗಳಿಗೆ ಸುಡುವ ಜ್ವರ. ಆಸ್ಪತ್ರೆಯ ಕ್ಯೂನಲ್ಲಿ ಪ್ರಥಮ ಸ್ಥಾನ: ಹೆಂಡತಿ." ಲೇಬಲ್ ತಿರುಗಿಸಿದರು. "ಗಂಡಸರ ಕೈ ತಾಗಿದರೆ ಬಣ್ಣ ಬಿಡುವುದಿಲ್ಲ."

ಹಿಂದಿನ ಸಾಲಿನ ಹೆಂಗಸರ ಚಪ್ಪಾಳೆ ಛಾವಣಿ ಹಾರಿಸುವಂತೆ ಎದ್ದಿತು.

"ಯಾರಮ್ಮ ಬರೆದಿದ್ದು?"

"ಇವರೇ ಡಾಕ್ಟ್ರೇ!" ನರ್ಸಮ್ಮ ಅವಳನ್ನು ಸ್ಟೇಜಿಗೇ ನೂಕಿದಳು.

"ಈಕೆಗೆ ಬಹುಮಾನ ಇಲ್ಲ ಅಂದ್ರೆ ಹೇಗ್ರೀ?" ಎಂದು ಡಾಕ್ಟರು ಮೇಜಿನ ಮೇಲೆ ಉಳಿದಿದ್ದ ಒಂದು ಕಪ್ಪನ್ನು ಎತ್ತಿ ಕೊಟ್ಟೇಬಿಟ್ಟರು. ಅದು ಅಂಪೈರಿಗೆಂದು ತಂದದ್ದು. ಅಂಪೈರ್ ಮಧ್ಯಾಹ್ನವೇ ಆಟಗಾರರ ಜೊತೆ ಜಗಳವಾಡಿ ಮನೆಗೆ ಹೋಗಿದ್ದ.

ಲೇಬಲಕ್ಕ ಮೈಕ್ ಹಿಡಿದಳು. "ನಮ್ಮನೆಯವರು ಮದುವೆಯಾದಾಗ ಒಂದು ಮಾತು ಕೊಟ್ಟಿದ್ರು..." ಎಂದು ಎಲ್ಲ ಹೇಳಿ, "ಏನ್ರೀ, ನೆನಪಿದೆಯಾ?" ಎಂದಳು.

ಸಭೆಯ ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು. ಸ್ಟ್ರೈಕರ್ ಎದ್ದ. ಸ್ಟೇಜು ಹತ್ತಿ, ಜೇಬಿನಿಂದ ಕರವಸ್ತ್ರ ತೆಗೆದು, ಹೆಂಡತಿಯ ಕೈಯಲ್ಲಿದ್ದ ಕಪ್ಪನ್ನು ಮೇಲಿಂದ ಕೆಳಗಿನವರೆಗೆ ಒರೆಸಿದ.

ಸಭೆ ಎದ್ದು ನಿಂತಿತು. ಅವಳಿಗೆ ಬಿದ್ದುದರ ಎರಡರಷ್ಟು ಚಪ್ಪಾಳೆ ಬಿತ್ತು. "ಶಿಸ್ತು ಅಂದ್ರೆ ಇದು!" ಎಂದು ಮೇಷ್ಟ್ರು ಕೂಗಿದರು. ಡಾಕ್ಟರು ಕಣ್ಣೊರೆಸಿಕೊಂಡರು.

"ಎಷ್ಟೋ ಕಣ್ಣು ನೋಡಿದೀನಿ, ಇಂಥ ದೃಶ್ಯ ನೋಡಿರ್ಲಿಲ್ಲ. ಹೆಂಡತಿಯ ಕಪ್ಪು ಒರೆಸೋ ಗಂಡ! ಇವರು ಆದರ್ಶ ಪತಿ!" ಎಂದವರೇ ಕ್ಲಬ್ಬು ತಮಗೆ ಕೊಟ್ಟಿದ್ದ, ಸೊಂಟದೆತ್ತರದ ನೆನಪಿನ ಕಾಣಿಕೆಯನ್ನು ಸ್ಟ್ರೈಕರನ ತೋಳಿಗೆ ಒಪ್ಪಿಸಿದರು.

ಮನೆಗೆ ಬಂದು ನೋಡಿದರೆ ಕಪ್ಪುಗಳೆಲ್ಲ ನೆಲದ ಮೇಲೆ ಹಾಗೇ ಇದ್ದವು. ಲೇಬಲಕ್ಕ ಬಟ್ಟೆಯ ತುಂಡನ್ನು ಗಂಡನ ಮುಂದೆ ಚಾಚಿದಳು.

ಆತ ಅವಳ ಕಪ್ಪನ್ನು ತಿರುಗಿಸಿ ನೋಡಿದ. "ನಿನ್ನ ಹೆಸರಿಗೆ ಬರಲಿ ಅಂದಿದ್ದೆ ಕಣೇ. ಇದರ ಮೇಲೆ 'ಅತ್ಯುತ್ತಮ ಅಂಪೈರ್' ಅಂತಿದೆ."

"ಹೌದು, ನಾನೇ ಅಂಪೈರ್. ಈ ಮನೇಲಿ ಫೌಲ್ ಯಾರದು ಅಂತ ಇನ್ಮೇಲೆ ನಾನೇ ಹೇಳೋದು."

"ಹೇಳ್ಕೋ. ಆದ್ರೆ ಇವತ್ತು ಕೈ ಎತ್ತಕ್ಕಾಗಲ್ಲ. ಅಷ್ಟು ಜನ ಕೈ ಕುಲುಕಿದ್ರು." ಆದರ್ಶ ಪತಿಯ ಕಾಣಿಕೆಯನ್ನು ಶೋಕೇಸಿನ ನೆತ್ತಿಯ ಮೇಲೆ ನಟ್ಟನಡುವೆ ನಿಲ್ಲಿಸಿ ಆತ ಮಲಗಲು ಹೋದ.

ಲೇಬಲಕ್ಕ ಸೂಜಿಗೆ ದಾರ ಪೋಣಿಸಿದಳು. ಆ ಕಾಣಿಕೆಯ ಕೊರಳಿಗೆ ಒಂದು ಲೇಬಲ್ ಬಿಗಿದು ಹೊಲಿದಳು: 'ಮೈಕಿನ ಮುಂದೆ ಒಂದು ಸಲ ಒರೆಸಿದ್ದಕ್ಕೆ. ಸೈಜು: ಎಕ್ಸ್‌ಟ್ರಾ ಲಾರ್ಜ್.' ಆಮೇಲೆ ಬಟ್ಟೆ ತೆಗೆದುಕೊಂಡು ನೆಲದ ಮೇಲಿದ್ದ ಕಪ್ಪುಗಳನ್ನು ಒಂದೊಂದಾಗಿ ಒರೆಸಿ ಮೇಲಿಟ್ಟಳು.

ಆತ ಕೊಟ್ಟ ಮಾತು ಉಳಿಯಲಿಲ್ಲ.