ಡಬ್ಬಿಯೊಳಗ ಮುಧೋಳ ನಾಯಿ

ಬ್ಯಾರೆ ಊರಾಗ ವಿಡಿಯೋ ಗೇಮ್ ಅಂಗಡಿ ಇಟ್ಟವರಿಗೆ ಕರೆಂಟ್ ಹೋಗೋದು, ಬಟನ್ ಮುರಿಯೋದು, ಇಷ್ಟ ತ್ರಾಸು. ಮುಧೋಳದಾಗ ಇಟ್ಟ ನನಗ ನಾಯಿ ತ್ರಾಸು. ಗೇಮಿನಾಗ ರಾಕ್ಷಸ ಬರಲಿ, ವಿಮಾನ ಬೀಳಲಿ, ನಮ್ಮೂರ ಮಂದಿಗೆ ಏನೂ ಅನಿಸಂಗಿಲ್ಲ. ಒಂದು ನಾಯಿ ಬಂತಂದ್ರ ಮುಗೀತು, ಎಲ್ಲಾರೂ ಆಟ ಬಿಟ್ಟು ಅದರ ನಡ ಎಷ್ಟ ಸಣ್ಣ ಐತಿ ಅಂತ ನೋಡಾಕ ನಿಂದರತಾರ. ಅದಕ್ಕ ವಾರಕ್ಕೊಂದರೆ ತಕರಾರು ಇದ್ದೇ ಇರತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸದರಾಗಿನ ಮಾತು ಇದು. ಬಸ್ ಸ್ಟ್ಯಾಂಡ್ ಸನೇಕ ಒಂದು ಬಾಡಿಗಿ ಮಳಿಗಿ, ಎರಡು ಟಿವಿ, ಒಂದು ಹಳೇ ಕಂಪ್ಯೂಟರ್. ಮಳಿಗಿ ಹಿಂದನ ಮಾಲಕರ ಮನಿ. ಮಾಲಕರು ಸರ್ಕಾರಿ ನೌಕರಿಯಿಂದ ರಿಟೈರ್ ಆದವರು, ಹಿತ್ತಲದಾಗ ಎರಡು ಮುಧೋಳ ನಾಯಿ ಸಾಕಿದ್ರು. ಅವಕ್ಕ ಮುಂಜಾನೆ ಹಾಲು, ತತ್ತಿ, ಮಧ್ಯಾಹ್ನ ಜ್ವಾಳದ ನುಚ್ಚು. ಮಾಲಕರ ಹೆಂಡತಿಗೆ ನಾವೆಲ್ಲಾ ಕಾಕು ಅಂತಿದ್ವಿ. "ಹಿಂದಿನ ಜನ್ಮದಾಗ ಪುಣ್ಯ ಮಾಡಿದವರು ಈ ಮನ್ಯಾಗ ನಾಯಿ ಆಗಿ ಹುಟ್ಟತಾರ. ಸಾಧಾರಣ ಪುಣ್ಯ ಮಾಡಿದವರು ಹೆಂಡತಿ ಆಗಿ ಬರತಾರ" ಅಂತಿದ್ರು ಕಾಕು.

ನಗೋ ನಾಯಿ

ಒಂದು ಹಳೇ ಗೇಮ್ ಇತ್ತು. ಬಾತುಕೋಳಿ ಹಾರತಾವ, ಪ್ಲಾಸ್ಟಿಕ್ ಬಂದೂಕು ಟಿವಿ ಕಡೆ ಹಿಡದು ಹೊಡೀಬೇಕು. ಗುರಿ ತಪ್ಪಿದ್ರ ಹುಲ್ಲಿನಾಗಿಂದ ಒಂದು ನಾಯಿ ಎದ್ದು, ಬಾಯಿಗೆ ಕೈ ಅಡ್ಡ ಹಿಡಕೊಂಡು ಕಿಸಿಕಿಸಿ ನಗತೈತಿ.

ಬಾಡಗಂಡಿ ಕಡೆ ಒಬ್ರು ಕಬ್ಬಿನ ರೈತರು, ಬಸ್ಸು ಬರೋದು ಇನ್ನೂ ತಡ ಐತಂತ ಒಳಗ ಬಂದ್ರು. ದೊಡ್ಡ ರುಮಾಲು, ಅದಕ್ಕ ತಕ್ಕ ಮೀಸಿ. ಬಂದೂಕು ಹಿಡದು ಹೊಡದ್ರು, ತಪ್ಪಿತು. ನಾಯಿ ಎದ್ದು ನಕ್ಕಿತು. ಯಜಮಾನ್ರ ಮಾರಿ ಕೆಂಪಾತು.

"ಯಾರಿಗೆ ನಗಾಕತ್ತೈತಿ ಇದು?"

"ಆಟದಾಗ ಹಂಗ ಐತ್ರಿ ಯಜಮಾನ್ರ."

ಮತ್ತ ಹೊಡದ್ರು, ಮತ್ತ ತಪ್ಪಿತು, ನಾಯಿ ಮತ್ತ ನಕ್ಕಿತು. ಯಜಮಾನ್ರು ಬಾತುಕೋಳಿ ಬಿಟ್ಟು ಬಂದೂಕು ಸೀದಾ ನಾಯಿ ಕಡೆ ತಿರವಿದ್ರು.

"ಅದಕ್ಕ ಹೊಡದ್ರ ಸಾಯಂಗಿಲ್ರೀ" ಅಂದೆ.

"ಸಾಯೋದು ಬ್ಯಾಡ, ಮರ್ಯಾದಿ ಕಲೀಲಿ! ನಮ್ಮ ನಾಯಿ ಮೊಲ ತಪ್ಪಿತಂದ್ರ ತಾನ ತಲಿ ಕೆಳಗ ಹಾಕಿ ಬರತೈತಿ. ಮಾಲಕನ ಮಾರಿ ನೋಡಿ ನಗೋ ನಾಯಿನ್ನ ನಾ ಹುಟ್ಟಿದಾಗಿಂದ ಕಂಡಿಲ್ಲ. ಇದನ್ನ ಇಷ್ಟ ಸಲಿಗಿ ಕೊಟ್ಟು ಬೆಳೆಸಿದಾಂವ ನೀನ ಏನು?"

ನಾ ಅಲ್ಲ ಅಂತ ಆಣಿ ಮಾಡಿ ಹೇಳಿದ ಮ್ಯಾಲೆ ಬಂದೂಕು ಕೆಳಗಿಟ್ಟು ಹ್ವಾದ್ರು. ಮುಂದಿನ ವಾರ ಮತ್ತ ಬಂದ್ರು. ಒಳಗ ಕಾಲಿಡಲಿಲ್ಲ, ಮೆಟ್ಟಲ ಮ್ಯಾಲೆ ನಿಂತು ದನಿ ಸಣ್ಣ ಮಾಡಿ ಕೇಳಿದ್ರು.

"ತಮ್ಮಾ, ಅದು ನನ್ನ ಬಿಟ್ಟು ಬ್ಯಾರೆ ಯಾರಿಗರೆ ನಕ್ಕಿತೇನು?"

"ದಿನಾ ಎಲ್ಲಾರಿಗೂ ನಗತೈತ್ರಿ."

"ಹಂಗಾರ ಚಿಂತಿ ಇಲ್ಲ ಬಿಡು" ಅಂತ ಮೀಸಿ ತಿರವಿಕೊಂಡು ಬಸ್ ಹತ್ತಿದ್ರು.

ಮೂರು ಬಟ್ಟಿನ ಪರೀಕ್ಷಾ

ಈ ಗದ್ದಲ ಕೇಳಿ ಒಂದಿನ ಮಾಲಕರು ಮಳಿಗ್ಯಾಗ ಬಂದ್ರು. ಕಂಪ್ಯೂಟರ್ ಮುಂದ ಒಬ್ಬ ಕಾಲೇಜ ಹುಡುಗ ಯುದ್ಧದ ಆಟ ಆಡಾಕತ್ತಿದ್ದ. ಅದರಾಗ ಸಿಪಾಯಿ ಜೋಡಿ ಒಂದು ಅಲ್ಸೇಷಿಯನ್ ನಾಯಿ. ಮಾಲಕರು ಕಣ್ಣಿಗೆ ಚಾಳೀಸು ಏರಿಸಿದ್ರು.

ಮುಧೋಳ ನಾಯಿ ಪರೀಕ್ಷಾ ಮಾಡೋ ಪದ್ಧತಿ ಐತಿ. ಬೆನ್ನ ತುದಿಯಾಗ ಎರಡು ಎಲುಬು ಎದ್ದು ಕಾಣಬೇಕು, ಅವುಗಳ ನಡುವ ಕೈಬಟ್ಟು ಇಟ್ಟು ನೋಡತಾರ. ಮಾಲಕರ ಲೆಕ್ಕ ಮೂರು ಬಟ್ಟು. ಸೀದಾ ಹೋಗಿ ಮೂರು ಬಟ್ಟು ಕಂಪ್ಯೂಟರ್ ಪರದೆ ಮ್ಯಾಲೆ ಇಟ್ರು. ನಾಯಿ ಓಡಿತು. ಬಟ್ಟು ಅದರ ಬೆನ್ನ ಹತ್ತಿದ್ವು. ಆಡಾಂವಗ ಮಾಲಕರ ಅಂಗೈ ಬಿಟ್ಟು ಏನೂ ಕಾಣವಲ್ದು.

"ಸರೀರಿ ಸಾಹೇಬ್ರ, ವೈರಿ ಹೊಡ್ಯಾಕತ್ತಾರ, ನಾ ಸಾಯಾಕತ್ತೇನಿ!"

"ನೀ ಸಾಯಿ. ಮೊದಲ ನಾಯಿ ನಿಂದರಸು!"

ಅಂವ ಸತ್ತ. ಮಾಲಕರು ನನ್ನ ಕಡೆ ತಿರುಗಿದ್ರು. "ಇದೇನು ನಾಯಿಯೋ, ಕಂಬಳಿ ಹೊದ್ದ ಆಕಳ ಕರವೋ? ನಮ್ಮೂರ ನಾಯಿ ಎಲ್ಲೈತಿ?"

"ಗೇಮಿನಾಗ ಆ ತಳಿ ಇಲ್ರೀ."

"ಇಲ್ಲ? ಮುಧೋಳದಾಗ ಕುಂತು, ನನ್ನ ಮಳಿಗ್ಯಾಗ ಕುಂತು, ಊರ ನಾಯಿ ಬಿಟ್ಟು ಪರದೇಶಿ ನಾಯಿ ತೋರಸ್ತೀಯೇನು? ದೀಪಾವಳಿತನಕ ವ್ಯಾಳ್ಯಾ ಕೊಡತೇನಿ. ಈ ಡಬ್ಬಿಯೊಳಗ ಮುಧೋಳ ನಾಯಿ ಬರಬೇಕು. ಬರಲಿಲ್ಲೋ, ಮಳಿಗಿ ಖಾಲಿ ಮಾಡು."

ಅವರು ಚ್ಯಾಷ್ಟಿಗೆ ಮಾತಾಡೋ ಮನುಷ್ಯಾ ಅಲ್ಲ. ಮನ್ಯಾಗ ಹೆಂಡತಿ ಬಸುರಿ, ಈ ಅಂಗಡಿ ಬಿಟ್ರ ನನಗ ಬ್ಯಾರೆ ದುಡಿಮಿ ಇಲ್ಲ. ಮಾಲಕರು ಬಾಗಲದಾಗ ನಿಂತು ಒಂದು ಘಳಿಗಿ ವಿಚಾರ ಮಾಡಿದ್ರು. ಮನಸ್ಸು ಕರಗೇತಿ ಅಂದಕೊಂಡೆ.

"ಗಂಡು ನಾಯಿ ಸಿಗಲಿಲ್ಲಂದ್ರ ಹೆಣ್ಣ ನಾಯಿ ಆದ್ರೂ ನಡದೀತು" ಅಂತ ಹೇಳಿ ಹ್ವಾದ್ರು.

ನಾಯಿ ಪಾಲಿನ ಹೋಳಿಗಿ

ಮಾಲಕರಿಗೆ ಬುದ್ಧಿಮಾತು ಹೇಳೋರು ಯಾರು? ಅವರ ಹಳೇ ದೋಸ್ತ, ಬ್ಯಾಂಕಿನಾಗ ಕ್ಲಾರ್ಕ್ ಆಗಿದ್ದವರು ಒಬ್ರು ನನ್ನ ಕಾಯಂ ಗಿರಾಕಿ. ಅವರ ಮನ್ಯಾಗ ನಾಯಿ ಸಾಕಾಕ ಹೆಂಡತಿ ಬಿಲ್‌ಕುಲ್ ಒಪ್ಪಿರಲಿಲ್ಲ. ಹಂಗಾಗಿ ಅವರು ನನ್ನ ಕಂಪ್ಯೂಟರಿನಾಗ ಒಂದು ಬಿಳೇ ಪಾಮೇರಿಯನ್ ಮರಿ ಸಾಕಿದ್ರು. ಅದು ಮರಿ ಬೆಳಸೋ ಗೇಮ್. ದಿನಾ ಬಂದು ಅದಕ್ಕ ತಿನಸಬೇಕು, ಮೈ ತೊಳೀಬೇಕು, ಅಡ್ಡ್ಯಾಡಸಬೇಕು. ಒಂದಿನ ತಪ್ಪಿದ್ರ ಮರಿ ಮೂಲ್ಯಾಗ ಕುಂತು ಅಳತೈತಿ.

ಒಮ್ಮೆ ಅವರು ಜಮಖಂಡಿಗೆ ಬೀಗರ ಮನಿ ಮದವಿಗೆ ಹ್ವಾದ್ರು. ಊಟದ ಹೊತ್ತಿಗೆ ಅಲ್ಲಿಂದ ನನಗ ಫೋನ್. ಹಿಂದ ವಾಲಗದ ಸಪ್ಪಳ, ಅದಕ್ಕ ಒದರಿ ಒದರಿ ಕೇಳಾಕತ್ತಿದ್ರು.

"ಉಣಸಿದ್ಯೇನು? ಪೂರಾ ತಿಂತೋ, ಬಿಟ್ಟಿತೋ? ಮೈ ತೊಳದಿ? ಅಳಾಕತ್ತಿಲ್ಲ ಹೌದಲ್ಲೋ? ಸಂಜಿಮುಂದ ಒಂದೀಟ ಹೊರಗ ಅಡ್ಡ್ಯಾಡಸು, ನಾ ನಾಳೆ ಬರತೇನಂತ ಹೇಳು!"

ಮರುದಿನ ಬಸ್ಸಿಳಿದು ಸೀದಾ ಅಂಗಡಿಗೆ ಬಂದ್ರು. ಕೈಯಾಗ ಒಂದು ದೊಡ್ಡ ಗಂಟು. ಮಾರಿ ಸಪ್ಪಗ.

"ಏನ್ರೀ ಇದು?"

"ಹೋಳಿಗಿ. ನಾ ಫೋನಿನಾಗ ಮಾತಾಡಿದ್ದು ಗುರುತಿಲ್ಲದ ಹೊಸ ಬೀಗರೆಲ್ಲಾ ಕೇಳ್ಯಾರ. ಮನ್ಯಾಗ ನಮ್ಮವ್ವ ಹಾಸಿಗಿ ಹಿಡದಾಳ ಅಂತ ತಿಳಕೊಂಡು ಕಣ್ಣಾಗ ನೀರು ತಂದ್ರು. 'ಮಗಾ ಅಂದ್ರ ಹಿಂಗಿರಬೇಕು' ಅಂತ ಮದಿಮಗಗ ನನ್ನ ತೋರಿಸಿ ಬುದ್ಧಿ ಹೇಳಿದ್ರು. ನಮ್ಮವ್ವ ತೀರಿಕೊಂಡು ಎಷ್ಟ ವರ್ಷಾತು! ಅವ್ವಗಂತ ಕೊಟ್ಟ ಈ ಗಂಟ ಮನಿಗೆ ಒಯ್ದು ಹೆಂಡತಿಗೆ ಏನಂತ ಹೇಳಲಿ?"

ಇಬ್ಬರೂ ಕುಂತು ತಿಂದ್ವಿ. ಹೋಳಿಗಿ ಭಾಳ ಛಲೋ ಆಗಿದ್ವು. ಆ ಹುರುಪಿನಾಗ ನನ್ನ ಸಲುವಾಗಿ ಮಾಲಕರ ಹತ್ತರ ಹ್ವಾದ್ರು.

"ನಾಯಿ ಅಂದ್ರ ನಾಯಿ, ಅದರಾಗ ತಳಿ ಏನ್ ನೋಡತಿ? ನಾನೂ ಆ ಡಬ್ಬ್ಯಾಗ ಒಂದು ಸಾಕೇನಿ. ದುಂಡಗ, ಬೆಳ್ಳಗ, ಮೈತುಂಬ ಕೂದಲಾ."

ಮಾಲಕರು ಪೇಪರಿನಾಗಿಂದ ತಲಿ ಎತ್ತಲಿಲ್ಲ. "ಅದನ್ನ ಗಾದಿ ತುಂಬೋರಿಗೆ ಕೊಡು" ಅಂದ್ರು.

ಇಂಗ್ಲೆಂಡಿನ ಕಿವಿ

ದೀಪಾವಳಿ ಸನೇಕ ಬಂತು. ಜಮಖಂಡ್ಯಾಗಿನ ಒಬ್ಬ ಗೆಳ್ಯಾನ ಕಡಿಂದ ನಾಯಿ ಓಟದ ಒಂದು ಸೀಡಿ ತಂದೆ. ಅದರಾಗಿನ ನಾಯಿ ಗ್ರೇಹೌಂಡು. ಸಣ್ಣ ನಡ, ಉದ್ದ ಕಾಲು, ನಮ್ಮೂರ ನಾಯಿಗೆ ಖಾಸ ಅಣ್ಣತಮ್ಮ ಇದ್ದಂಗ. ಮುಧೋಳ ನಾಯಿನ ಅಂತ ಹೇಳಿ ಪಾರಾಗೋದು ನನ್ನ ವಿಚಾರ. ಮಾಲಕರು ತಮ್ಮ ನಾಯಿನ್ನೂ ಕರಕೊಂಡು ಬಂದ್ರು.

ನೋಡಿದ್ದು ಒಂದ ಕ್ಷಣ. "ಇಂಗ್ಲೆಂಡಿನದು. ಕಿವಿ ನೋಡು, ಹಿಂದಕ್ಕ ಮಡಚ್ಯಾವ. ನಮ್ಮದರ ಕಿವಿ ಜೋತು ಬೀಳತಾವ."

"ಓಡೋ ರಭಸಕ್ಕ ಗಾಳ್ಯಾಗ ಹಿಂದ ಹೋಗ್ಯಾವ್ರಿ" ಅಂದೆ.

ಅಷ್ಟರಾಗ ಅವರ ನಾಯಿ ಪರದೆ ಕಡೆ ಒಮ್ಮೆ ನೋಡಿ, ದೊಡ್ಡದಾಗಿ ಆಕಳಿಸಿ, ನನ್ನ ಕುರ್ಚಿ ಕೆಳಗ ಮಲಗಿಬಿಡ್ತು.

"ನೋಡು, ನಿನ್ನ ಮಾತು ಅದಕ್ಕೂ ಖರೇ ಅನಿಸಲಿಲ್ಲ" ಅಂದ್ರು ಮಾಲಕರು.

ರಬಕವಿ ಕೈಚಳಕ

ಕಡೀಕ ರಬಕವ್ಯಾಗಿನ ಇನ್ನೊಬ್ಬ ಗೆಳ್ಯಾನ ಕಾಲ ಹಿಡದೆ. ಅಂವ ಸೀರಿ ಅಂಚಿನ ದಡಿಗೆ ಕಂಪ್ಯೂಟರಿನಾಗ ಡಿಸೈನ್ ತೆಗ್ಯಾಂವ. ಸಣ್ಣ ಸಣ್ಣ ಚೌಕದಾಗ ಬಣ್ಣ ತುಂಬಿ ನವಿಲು, ಆನಿ, ಗಿಳಿ ಮಾಡತಿದ್ದ. ಅದನ್ನ ನೋಡಿ ಮಗ್ಗದಾಗ ದಡಿ ನೇಯತಿದ್ರು. ನನ್ನ ಹತ್ತರ ಮೊಲದ ಬ್ಯಾಟಿ ಆಡೋ ನಾಯಿದೊಂದು ಸಾದಾ ಗೇಮ್ ಇತ್ತು. ಅದರ ಚಿತ್ರ ಬಿಡಿಬಿಡಿ ಇದ್ದು, ಒಂದು ತಗದು ಇನ್ನೊಂದು ಹಾಕಬಹುದಿತ್ತು.

"ನಿನ್ನ ಗೇಮಿನ ನಾಯಿನೂ ಚೌಕಾನ, ನನ್ನ ನವಿಲೂ ಚೌಕಾನ. ಹೆದರಬ್ಯಾಡಲೇ" ಅಂದ. ಮಾಲಕರ ಹಿತ್ತಲದಾಗ ಕುಂತು ಗ್ರಾಫ್ ಹಾಳ್ಯಾಗ ನಾಯಿ ಬರದ. ಮಾಲಕರು ಎರಡು ಸಲ ನಡ ಸಣ್ಣ ಮಾಡಿಸಿ ಪಾಸ್ ಮಾಡಿದ್ರು. ಅಂವ ರಬಕವಿಗೆ ಒಯ್ದು, ಓಡೋ ಚಿತ್ರ ಎಲ್ಲಾ ಮಾಡಿ, ದೀಪಾವಳಿ ಹಿಂದಿನ ದಿನ ತಂದ.

ಮಾಲಕರು ಇಸ್ತ್ರಿ ಧೋತರ ಉಟ್ಟು ಮುಂದಿನ ಕುರ್ಚ್ಯಾಗ ಕುಂತ್ರು. ಓಣಿ ಮಂದಿ ಬಾಗಲದಾಗ. ನಾ ದೇವರ ನೆನಸಿ ಬಟನ್ ಒತ್ತಿದೆ.

ಬಂತು ಮುಧೋಳ ನಾಯಿ! ಸಣ್ಣ ನಡ, ಉದ್ದ ಮೂತಿ, ಜೋತ ಕಿವಿ. ಮಂದಿ ಚಪ್ಪಾಳಿ ಹೊಡದ್ರು. ಅದರ ಬೆನ್ನಿಗೆ ಇನ್ನೊಂದು ನಾಯಿ ಬಂತು, ತಿರುವುಮುರುವಾಗಿ. ಬಾಲಕ್ಕ ಬಾಲ ಕೂಡೇತಿ. ಮುಂದಿನದು ಮೊಲದ ಹಿಂದ ಓಡಾಕತ್ತೈತಿ. ಹಿಂದಿನದೂ ನಾಕೂ ಕಾಲು ಬೀಸಿ ಓಡತೈತಿ, ಆದ್ರ ಹಿಂದಹಿಂದಕ್ಕ ಹೊಂಟೈತಿ. ಎರಡರ ನಡುವ, ಮ್ಯಾಲೆ, ಒಂದು ಸಣ್ಣ ಹೂಬಳ್ಳಿ.

ಚಪ್ಪಾಳಿ ನಿಂತ್ವು. "ಹಿಂದಿಂದು ಯಾವದು?" ಅಂದ್ರು ಮಾಲಕರು.

ಗೆಳ್ಯಾ ತಲಿ ಕೆರಕೊಂಡ. "ಜೋಡಿರೀ. ಕೈ ರೂಢಿ ಆಗಿಬಿಟ್ಟೈತ್ರಿ. ದಡ್ಯಾಗ ಒಂದು ನವಿಲು ತಗದ್ರ, ಎದುರಾಬದುರಾ ಇನ್ನೊಂದು ತಗೀಬೇಕ್ರಿ. ಒಂಟಿ ಇದ್ರ ಸೀರಿ ಮಾರಿ ಹೋಗಂಗಿಲ್ರಿ."

"ಆ ಹೂವು?"

"ಖಾಲಿ ಜಾಗಾ ಬಿಟ್ರ ಸೀರಿ ಅಂಗಡಿ ಸೇಠ ಬೈತಾರ್ರೀ."

ಮಾಲಕರು ಧೋತರ ಝಾಡಿಸಿ ಎದ್ದು ನನ್ನ ಕಡೆ ನೋಡಿದ್ರು. "ಖಾಲಿ ಮಾಡು" ಅಂದ್ರು. ನನಗ ಅಳು ಬಂತು, ಖರೇನ ಹೇಳತೇನಿ.

ಅಷ್ಟರಾಗ ಊಟಕ್ಕ ಕರ್ಯಾಕ ಬಂದಿದ್ದ ಕಾಕು ಮಂದಿ ಸರಿಸಿ ಒಳಗ ಬಂದ್ರು. "ತಮ್ಮಾ, ಇನ್ನೊಮ್ಮೆ ಓಡಸು ಅದನ್ನ." ಓಡಿಸಿದೆ. "ಅಯ್ಯ ನಮ್ಮವ್ವಾ, ಎಷ್ಟ ಛಂದ ದಡಿ! ಹಸರ ಸೀರಿಗೆ ಭಾಳ ಒಪ್ಪತೈತಿ. ನನಗ ಬೇಕಿದು."

"ಅದು ನಾಯಿ!" ಅಂದ್ರು ಮಾಲಕರು.

"ಗೊತ್ತೈತ್ರಿ. ದಿನಾ ಅವಕ್ಕ ಹಾಲ ಹಾಕಾಕಿ ನಾನ ಅದೇನಿ. ಈ ಹುಡುಗೂರು ಸೀರಿ ತಂದು ಕೊಡತಾರ. ಅಲ್ಲಿತನಕ ಅಂಗಡಿ ಇರಲಿ."

ಮಾಲಕರು ಧೋತರದ ಚುಂಗು ಹಿಡಕೊಂಡು ಊಟಕ್ಕ ನಡದ್ರು.

ಸೀರಿ ಸಂಕ್ರಮಣಕ್ಕ ಬಂತು. ಕಾಕು ಅದನ್ನ ಉಟ್ಟು ಎಳ್ಳುಬೆಲ್ಲ ಬೀರಾಕ ಮೊದಲ ನನ್ನ ಅಂಗಡಿಗೇ ಬಂದ್ರು. ದಡಿ ತುಂಬ ನಾಯಿ ಜೋಡಿ, ನಡುನಡುವ ಹೂಬಳ್ಳಿ. ಅವರ ಹಿಂದನ ಮಾಲಕರೂ ಬಂದ್ರು. ಚಾಳೀಸು ಏರಿಸಿದ್ರು. ಬಸ್ ಸ್ಟ್ಯಾಂಡಿನ ಮಂದಿ ಎಲ್ಲಾ ನೋಡಾಕತ್ತಾರ ಅನ್ನೋದೂ ಮರತು, ಹೆಂಡತಿ ಕಾಲಹತ್ತರ ಕುಕ್ಕರಗಾಲಲೆ ಕುಂತು, ದಡಿ ಹಿಡದು ಎಲುಬು ಎಣಸಾಕ ಸುರು ಮಾಡಿದ್ರು.

"ನಡ ಸರಿ ಐತಿ. ಕಿವಿ ಸರಿ ಐತಿ" ಅಂದ್ರು ಕೆಳಗಿಂದ. "ಖರೇ ಮುಧೋಳ ನಾಯಿ ಇದು."

ಕಾಕು ನನ್ನ ಕಡೆ ತಿರುಗಿದ್ರು. ನಗಾಕತ್ತಿದ್ರು, ಕಣ್ಣಾಗ ನೀರೂ ಇತ್ತು. "ನೋಡೋ ತಮ್ಮಾ, ಮದವಿ ಆದಾಗಿಂದ ಇವರು ನನ್ನ ಸೀರಿ ನೋಡಿದ್ದು ಇವತ್ತ ಮೊದಲ. ಇನ್ನ ನಿನ್ನ ಅಂಗಡಿ ಯಾರ ಖಾಲಿ ಮಾಡಸತಾರ, ನಾನೂ ನೋಡತೇನಿ."

ಮಾಲಕರು ತಲಿ ಎತ್ತಲಿಲ್ಲ.

"ಅಂಗಡಿ ಇರಲಿ ಬಿಡು. ನೀ ಮಾತು ಸಾಕು ಮಾಡಿ ಸ್ವಲ್ಪ ಆಕಡೆ ತಿರಗು. ಹಿಂದ ಇನ್ನೂ ನಾಯಿ ಉಳದಾವ."