ಮಾಮಾನ ಹೊಟ್ಟೆ, ಭಟ್ಟರ ಮಂಗಲಾಷ್ಟಕ

ಹಾರೂಗೇರಿಯ ಆ ಮದುವೆಯಲ್ಲಿ ಕೆಡಬಹುದಾದದ್ದು ಒಂದೆರಡಲ್ಲ. ಬೀಗರ ಟ್ರಕ್ಕು ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಳ್ಳಬಹುದು, ಕರೆಂಟು ಹೋಗಬಹುದು, ಶಿರಾ ತಳ ಹಿಡಿಯಬಹುದು, ಹಂದರಕ್ಕೆ ಹೋರಿ ನುಗ್ಗಬಹುದು! ಇದನ್ನೆಲ್ಲ ಮುಂಚಿತವಾಗಿ ಚಿಂತಿಸಿ ಮುಗಿಸುವ ಹೊಣೆ ನನ್ನದು; ಯಾರೂ ಒಪ್ಪಿಸಿದ್ದಲ್ಲ, ನಾನೇ ಹೊತ್ತುಕೊಂಡದ್ದು. ಆದರೆ ಎಲ್ಲಕ್ಕಿಂತ ದೊಡ್ಡ ಭಯ ಕನ್ಯಾಪಿತೃವಿನ, ಅಂದರೆ ನನ್ನ ಸೋದರಮಾವನ ಹೊಟ್ಟೆಯದು.

ಮಾಮಾ ಚಿಕ್ಕೋಡಿಯ ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹಿಂದಿನ ವರ್ಷ ಮೂತ್ರಕೋಶದಲ್ಲಿ ಕ್ಯಾನ್ಸರ್ ಕಾಣಿಸಿ, ಮಿರಜದಲ್ಲಿ ‘ಕರೆಂಟು’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಬಂದಿದ್ದರು. ರೋಗ ಹೋಯಿತು, ನೆರೆಮನೆಯ ಕರುಳು ಮಾತ್ರ ಬೆಂದು ಮುನಿಸಿಕೊಂಡಿತು. ಬಂತೆಂದರೆ ಬಂತು, ತಡಿ ಎಂದರೆ ತಡೆಯದು. ಬೇರೆಯವರಾಗಿದ್ದರೆ ಮುಸುಕೆಳೆದು ಮಲಗುತ್ತಿದ್ದರು. ಮಾಮಾ? ಅದನ್ನೂ ಪಾಠಕ್ಕೆ ಸೇರಿಸಿಬಿಟ್ಟರು!

“ಅಣುವಿನ ಈ ತುದಿಗೆ ಕೆಲಸ ಮಾಡುವಾಗ ಆ ತುದಿ ಕೆಡಬಾರ್ದು. ಅದಕ್ಕ ಒಂದು ಟೊಪಿಗಿ ಹಾಕ್ತೀವಿ, ಕೆಲಸ ಮುಗದ ಮ್ಯಾಲೆ ತಗೀತೀವಿ. ನನ್ನ ಕರಳಿಗೆ ಹಾಕೂವಂಥಾ ಟೊಪಿಗಿ ಇನ್ನೂ ಯಾರೂ ಹೊಲದಿಲ್ಲ ನೋಡ್ರಿ!” ಎಂದವರೇ ಡಸ್ಟರ್ ಸಮೇತ ಹೊರಗೆ ಓಡಿದರು. ಆ ಪಾಠವನ್ನು ಯಾವ ಹುಡುಗ ಮರೆತಾನು?

ಮನೆಯಲ್ಲಿ ರಸಾಯನಶಾಸ್ತ್ರದ ಇನ್ನೊಂದು ವಿಧಾನ: ಕೊನೆಯ ವಸ್ತುವಿನಿಂದ ಹಿಂದಕ್ಕೆ ಹಿಂದಕ್ಕೆ ನಡೆದು ಮೂಲದ ಸಾಮಾನು ಪತ್ತೆ ಮಾಡುವುದು. ಪಾಯಖಾನೆಯಿಂದ ಬಂದವರು ನೆಟ್ಟಗೆ ಅಡಿಗೆಮನೆಗೆ ಹೋಗುತ್ತಿದ್ದರು.

“ನಿನ್ನಿ ಝುಣಕದಾಗ ಹಸಿಮೆಣಸಿನಕಾಯಿ ಹಾಕಿದ್ದಿ.”

“ಒಂದಽ ಹಾಕೇನ್ರಿ!” ಎಂದರು ಅತ್ತೆ.

“ಎರಡು. ಬಂದ ಮಾಲು ಸುಳ್ಳು ಹೇಳೂದಿಲ್ಲ.”

“ಉಣ್ಣೂ ಹೊತ್ತಿನ್ಯಾಗ ಏನ್ ಮಾತ್ರಿ ಇವು!” ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗಲಿಕ್ಕೋ, ವಾಕರಿಕೆಗೋ, ತಿಳಿಯಲಿಲ್ಲ. ಎರಡು ಮೆಣಸಿನಕಾಯಿ ಹಾಕಿದ್ದಂತೂ ನಿಜ!

ಇಂಥ ಮಾಮಾ ಮಗಳ ಮದುವೆಗೆಂದು ಹಿಂದಿನ ದಿನದಿಂದ ಗಂಜಿ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮಿರಜದಲ್ಲಿ ಹಲ್ಲು ಕಚ್ಚಿ ಮಲಗಿದ್ದೇ ಅವಳ ಮೇಲೆ ಅಕ್ಕಿಕಾಳು ಹಾಕಬೇಕೆಂದು. “ಎರಡಽ ಅಷ್ಟಕ ಹೇಳಿ ಮುಗಸ್ರಿ” ಎಂದು ಭಟ್ಟರಿಗೆ ಕೈಮುಗಿದಿದ್ದರು. ಭಟ್ಟರೇನೋ ಎರಡಕ್ಕೇ ನಿಲ್ಲಿಸಿದರು. ಗಂಡಿನ ಕಡೆಯ ನಿಪ್ಪಾಣಿಯ ಅತ್ತೆಯಂದಿರು ಬಿಡಬೇಕಲ್ಲ! ಒಬ್ಬೊಬ್ಬರೂ ತಾವೇ ಕಟ್ಟಿದ ಮರಾಠಿ ಅಷ್ಟಕವನ್ನು ರಾಗ ಎಳೆದೆಳೆದು ಹಾಡತೊಡಗಿದರು. ಪ್ರತಿಯೊಂದರ ಕೊನೆಗೂ “ಶುಭಮಂಗಲ ಸಾವಧಾನ!”

ಮಾಮಾ ಬೆವರುತ್ತ ನನ್ನ ಕಿವಿಗೆ ಬಾಗಿದರು. “ಲೇ, ಸಾವಧಾನ ಅಂದ್ರ ಕನ್ನಡದಾಗ ನಿಧಾನ, ಮರಾಠ್ಯಾಗ ಹುಷಾರು. ನನ್ನ ಹೊಟ್ಟಿಗೆ ಕನ್ನಡ ತಿಳೀವಲ್ದು!”

“ಹೋಗಿ ಬರೂಣ ನಡೀರಿ ಮಾಮಾ.”

“ಸುಮ್ನ ನಿಂದರಲೇ. ಮಗಳ ಅಕ್ಕಿಕಾಳು ಬಿಟ್ಟು ಎಲ್ಲಿಗಿ ಹೋಗ್ಲಿ?”

ಅಂತರಪಟ ಸರಿಯಿತು. ಬ್ಯಾಂಡು ಮೊಳಗಿತು. ಮಾಮಾ ಎರಡೂ ಕೈಗಳಿಂದ ಅಕ್ಕಿ ಹಾಕಿದರು. ಆಮೇಲೆ ಮೆಲ್ಲಗೆ, “ಆತು” ಎಂದರು.

“ಹೌದ್ರಿ ಮಾಮಾ, ಭಾಳ ಛಲೋ ಆತು!”

“ಮದಿವಿ ಅಲ್ಲಲೇ, ಮಂಗ್ಯಾ.”

ನನ್ನ ಶಲ್ಯ ಬಿಚ್ಚಿ ಅವರ ಸೊಂಟಕ್ಕೆ ಸುತ್ತಿದೆ. ನಾನು ಚಿಂತಿಸಿದ್ದ ಅಷ್ಟೂ ಅನಾಹುತಗಳಲ್ಲಿ ನಿಜವಾದದ್ದು ಒಂದು ಧೋತರದಷ್ಟು. ಅಷ್ಟರಲ್ಲಿ ಮದುಮಗಳು ನಮಸ್ಕಾರಕ್ಕೆ ಬಂದಳು.

“ಅಲ್ಲಿಂದಽ ಮಾಡವಾ, ದೂರಿಂದ” ಎಂದು ಮಾಮಾ ಹಿಂದೆ ಸರಿದರು.

“ನಂಗ ಗೊತ್ತೈತೇಳಪ್ಪಾ” ಎಂದು ಅವಳು ಮುಂದೆ ಬಂದು, ಶಲ್ಯದ ಮೇಲೆಯೇ ಅವರ ಸೊಂಟವನ್ನು ತಬ್ಬಿಕೊಂಡಳು.