ಕಾಕಾನ ಠರಾವು, ಕಾಕಾನ ಕೈ

ಎರಡನೆಯ ಮಹಾಯುದ್ಧದಲ್ಲಿ ಜಪಾನಿನವರು ಧಾರವಾಡದ ಮೇಲೆ ಒಂದೇ ಒಂದು ಬಾಂಬನ್ನೂ ಹಾಕಲಿಲ್ಲ. ಏಕೆ ಹಾಕಲಿಲ್ಲ ಎಂಬುದಕ್ಕೆ ಬಲ್ಲವರು ಏನೇನೋ ಕಾರಣ ಹೇಳುತ್ತಾರೆ. ದೂರ ಎನ್ನುತ್ತಾರೆ, ಪೆಟ್ರೋಲು ಸಾಲದು ಎನ್ನುತ್ತಾರೆ, ಇಲ್ಲಿ ಬಾಂಬು ಹಾಕುವಂಥದ್ದು ಏನಿತ್ತು ಎಂದು ಕೇಳುವ ಕಿಡಿಗೇಡಿಗಳೂ ಇದ್ದಾರೆ. ನಿಜವಾದ ಕಾರಣ ನನಗೆ ಗೊತ್ತು. ಜಪಾನಿನವರಿಗೆ ನಮ್ಮ ಕಾಕಾನ ಹೆದರಿಕೆ ಇತ್ತು!

ಕಾಕಾ ಎಂದರೆ ನಮ್ಮ ಮಾವಶಿಯ, ಅಂದರೆ ನನ್ನ ತಾಯಿಯ ತಂಗಿಯ ಯಜಮಾನರು. ನಮ್ಮಲ್ಲಿ ಅವರನ್ನೂ ಕಾಕಾ ಎಂದೇ ಕರೆಯುವುದು. ಆಗ ಅವರು ಮುನ್ಸಿಪಾಲಿಟಿಯ ಮೆಂಬರು. ನಾನು ಮಾಸ್ತರಿಕೆಯ ಪರೀಕ್ಷೆಗೆ ಓದುತ್ತ ಅವರ ಮನೆಯಲ್ಲಿದ್ದೆ. ನನ್ನ ಅಕ್ಷರ ದುಂಡಗಿದ್ದದ್ದು ನನ್ನ ದುರ್ದೈವ. ಅವರ ಠರಾವುಗಳನ್ನೆಲ್ಲ ಚಂದಾಗಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಉಳಿದ ಮೆಂಬರರು ನಳ, ಗಟಾರು, ಬೀದಿಯ ಕಂದೀಲು ಅಂತ ಮಾತಾಡುತ್ತಿದ್ದರು. ಕಾಕಾ ಗಟಾರಿನಿಂದ ಶುರು ಮಾಡಿದರೂ ಮಾತು ಸಿಂಗಾಪುರಕ್ಕೆ ಹೋಗಿಯೇ ಮುಗಿಯುತ್ತಿತ್ತು.

"ನೋಡವಾ, ದೇಶಾ ಅಂದ್ರ ಒಂದು ಮನಿ," ಎಂದು ಅವರು ನನಗೆ ದಿನಾ ಮುಂಜಾನೆ ಹೇಳುತ್ತಿದ್ದರು. "ಬಾಗಲಾ ಭದ್ರ ಇರಬೇಕು. ಕಂಡಕಂಡವರು ಬಂದು ಸೇರಬಾರದು. ಡಬ್ಬ್ಯಾಗಿನ ಸಕ್ಕರಿ ಹೇಳದ ಕೇಳದ ಖರ್ಚಾಗಬಾರದು. ರಾಜಕಾರಣ ಅಂದ್ರ ಇಷ್ಟ!"

"ಹಂಗಾದ್ರ ಸಕ್ಕರಿ ಡಬ್ಬಿ ಎಲ್ಲಿಟ್ಟೀನಿ ಅಂತ ಹುಡುಕೋದು ಬಿಡ್ರಿ," ಎಂದು ಮಾವಶಿ ಅಡಿಗೆಮನೆಯಿಂದ ಅನ್ನುತ್ತಿದ್ದಳು. "ಕದ್ದು ತಿನ್ನವರು ಏನು ಪರದೇಶದಿಂದ ಬಂದವರಲ್ಲ."

ಮೊದಲು ದೇಶರಕ್ಷಣೆಯ ಮಾತು. ಕೆಲಗೇರಿಯ ಕೆರೆ ಬಿಸಿಲಿಗೆ ಫಳಫಳ ಹೊಳೆಯುವುದು ಎಲ್ಲರ ಕಣ್ಣಿಗೂ ಚಂದ ಕಾಣುತ್ತಿತ್ತು. ಕಾಕಾನ ಕಣ್ಣಿಗೆ ಮಾತ್ರ ಅದು ವೈರಿಯ ವಿಮಾನಕ್ಕೆ ಹಿಡಿದ ಕನ್ನಡಿ! ಕೂಡಲೇ ನನ್ನಿಂದ ಠರಾವು ಬರೆಸಿದರು: ಯುದ್ಧ ಮುಗಿಯುವತನಕ ಕೆರೆಯನ್ನು ಮುಚ್ಚತಕ್ಕದ್ದು. ಸಭೆಯಲ್ಲಿ ಪ್ರೆಸಿಡೆಂಟರು ಬಹಳ ಗಂಭೀರವಾಗಿ, "ಏನು ಹಾಕಿ ಮುಚ್ಚೋಣ್ರಿ?" ಎಂದು ಕೇಳಿದರು. ತಾಡಪತ್ರಿ ಎಂದರು ಕಾಕಾ. ಹಾಗಾದರೆ ಅದಕ್ಕೆ ಎಷ್ಟು ಖರ್ಚಾದೀತು ಎಂದು ಇನ್ನೊಬ್ಬರು ಕೇಳಿದರು. ಖರ್ಚಿನ ಮಾತು ಕಿವಿಗೆ ಬಿದ್ದದ್ದೇ ತಡ, ಕಾಕಾ ಸಿಟ್ಟಿನಿಂದ ಎದ್ದು ನಿಂತು, ಜನರ ದುಡ್ಡನ್ನು ಕೆರೆಗೆ ಸುರಿಯುವ ಇಂಥ ಠರಾವನ್ನು ಯಾರು ತಂದರು ಎಂದು ಕೂಗಾಡಿದರು. ಕೆರೆ ಇವತ್ತಿಗೂ ಹೊಳೆಯುತ್ತಿದೆ.

ಊರಿಗೆ ರಕ್ಷಣೆ ಇಲ್ಲದಿದ್ದರೂ ಮನೆಗಾದರೂ ಬೇಕಲ್ಲ? ಹಿತ್ತಲಲ್ಲಿ ಎದೆಮಟ್ಟ ತೆಗ್ಗು ತೋಡಿಸಿದರು. ಅವರು ತಾಮ್ರದ ಪರಾತವನ್ನು ಬಾರಿಸಿದ ಕೂಡಲೇ ಮನೆಯವರೆಲ್ಲ ಓಡಿ ಬಂದು ತೆಗ್ಗಿನಲ್ಲಿ ಇಳಿದು ಕೂಡಬೇಕು. ಮೊದಲ ದಿನದ ತಾಲೀಮು ಮುಂಜಾನೆ ಹನ್ನೊಂದಕ್ಕೆ. ಕಾಕಾ ಪರಾತ ಬಾರಿಸಿದರು. ನಾನು ಇಳಿದೆ, ನನ್ನ ಮೇಲೆ ಬೆಕ್ಕು ಇಳಿಯಿತು. ಮಾವಶಿ ಮಾತ್ರ ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದಳು.

"ಅಲ್ಲ, ಬಾಂಬ್ ಬೀಳಲಿಕತ್ತದ, ಇಳೀಬಾರದೇನು?" ಎಂದು ಕಾಕಾ ಕೂಗಿದರು.

"ಮಡೀಲೆ ಇದ್ದೀನ್ರಿ. ಆ ತೆಗ್ಗಿನ್ಯಾಗ ಇಳದು ಮೈಲಿಗಿ ಆದ್ರ ಮತ್ತ ಸ್ನಾನಾ ಮಾಡಿ ಅಡಗಿ ಯಾರು ಮಾಡವರು? ಜಪಾನದವರಿಗೆ ಒಂದು ತಾಸು ತಡೆದು ಬರ್ರಿ ಅಂತ ಹೇಳ್ರಿ. ಊಟಾ ಆಗಲಿ."

ಒಂದು ತಾಸು ತಡೆದರೆ ಕಾಕಾ ಮಲಗುವ ಹೊತ್ತು. ಹೀಗಾಗಿ ದೇಶರಕ್ಷಣೆ ಅಲ್ಲಿಗೆ ನಿಂತಿತು. ತೆಗ್ಗಿನಲ್ಲಿ ಮಾವಶಿ ಕೆಸುವಿನ ಗಡ್ಡೆ ಹಾಕಿದಳು. ಆ ವರ್ಷ ನಾವು ತಿಂದಷ್ಟು ಕೆಸುವಿನೆಲೆಯ ಪತ್ರವಡಿಯನ್ನು ಇನ್ನಾರೂ ತಿಂದಿರಲಿಕ್ಕಿಲ್ಲ.

ಖರ್ಚಿನ ವಿಷಯದಲ್ಲಂತೂ ಅವರ ಎದುರು ನಿಲ್ಲುವವರೇ ಇರಲಿಲ್ಲ. ಮುನ್ಸಿಪಾಲಿಟಿಯ ಸಭೆಗೆ ಕೊಡುವ ಚಹಾ ಮತ್ತು ಅವಲಕ್ಕಿ ಚೂಡಾ ಬಂದ್ ಮಾಡಬೇಕು ಎಂದು ಹಟ ಹಿಡಿದು ಠರಾವು ಪಾಸು ಮಾಡಿಸಿದರು. ಮುಂದಿನ ಸಭೆಗೆ ಬಂದವರು ಇಬ್ಬರೇ, ಕಾಕಾ ಮತ್ತು ಗಡಿಯಾರಕ್ಕೆ ಕೀಲಿ ಕೊಡುವ ಸಿಪಾಯಿ. ಅದರ ಮುಂದಿನ ಸಭೆಗೂ ಕೋರಂ ಆಗಲಿಲ್ಲ. ಊರಿನ ಕೆಲಸವೆಲ್ಲ ನಿಂತುಹೋಯಿತು. ಮೂರನೆಯ ಸಭೆಗೆ ಕಾಕಾ ನಮ್ಮ ಮನೆಯಿಂದಲೇ ದೊಡ್ಡ ಪಾತೇಲಿಯಲ್ಲಿ ಚೂಡಾ ಒಯ್ದರು. ಅವತ್ತು ಬಾರದಿದ್ದ ಮೆಂಬರ ಒಬ್ಬನೂ ಇರಲಿಲ್ಲ! ಸರಕಾರದ ಖರ್ಚು ಉಳಿಯಿತು ಎಂದು ಕಾಕಾ ಖುಷಿಪಟ್ಟರು. ಉಳಿದದ್ದು ಯಾರ ಡಬ್ಬಿಯಿಂದ ಎಂದು ಮಾವಶಿ ಕೇಳಿದಳು.

ಇನ್ನು ಹೊರಗಿನವರ ಪ್ರಶ್ನೆ. ಕಾಕಾನ ಭೂಗೋಳದಲ್ಲಿ ನವಲೂರು ದಾಟಿದರೆ ಪರದೇಶ. ಹುಬ್ಬಳ್ಳಿಯವರು ಪರದೇಶಿಗಳಲ್ಲಿಯೇ ಸ್ವಲ್ಪ ಸಮೀಪದವರು, ಅಷ್ಟೇ. ಹಾಗೆಂದು ಅಲ್ಲಿಯ ದುರ್ಗದಬೈಲಿನ ಪೇಟೆಗೆ ಹೋಗಿ ಧೋತರ ತರುವುದನ್ನು ಅವರು ಬಿಟ್ಟಿರಲಿಲ್ಲ. ತಂದದ್ದನ್ನು ಆಮದು ಎನ್ನುತ್ತಿದ್ದರು. ಯುದ್ಧ ಜೋರಾದಂತೆ ಊರಿನಲ್ಲಿ ಹೊಸ ಮುಖಗಳು ಹೆಚ್ಚಾದವು. ಹೊರಗಿನವರು ಎಷ್ಟು ಮಂದಿ ಸೇರಿಕೊಂಡಿದ್ದಾರೆ ಎಂದು ಮನೆಮನೆ ತಿರುಗಿ ಬರೆದುಕೊಳ್ಳಬೇಕೆಂದು ಕಾಕಾ ಸಭೆಯಲ್ಲಿ ಹೇಳಿದರು. ಪೈಸೆ ಖರ್ಚಿಲ್ಲದೆ ತಾವೇ ತಿರುಗುವುದಾಗಿಯೂ ಹೇಳಿದ್ದರಿಂದ ಯಾರೂ ಬೇಡ ಎನ್ನಲಿಲ್ಲ. ತಿರುಗುವವರು ಅವರು, ರಜಿಸ್ಟರು ಹೊತ್ತು ಹಿಂದೆ ಹೋಗುವವಳು ನಾನು.

ಮೊದಲನೆಯ ಮನೆ. ಬಾಗಿಲು ತೆರೆದವಳು ನಡುವಯಸ್ಸಿನ ಹೆಂಗಸು. ಕಾಕಾ ಕನ್ನಡಕ ಸರಿ ಮಾಡಿಕೊಂಡು ಕೇಳಿದರು:

"ಬಾಯೀ, ಈ ಮನ್ಯಾಗ ಹೊರಗ ಎಷ್ಟು ಮಂದಿ ಇದ್ದೀರಿ?"

ಆಕೆ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಳು. ನಮ್ಮ ಕಡೆ ಹೆಂಗಸರು 'ಹೊರಗ' ಇರುವುದೆಂದರೆ ತಿಂಗಳಿಗೆ ಮೂರು ದಿನ ಏನನ್ನೂ ಮುಟ್ಟದೆ ಬೇರೆ ಕೂಡುವುದು. ಅದನ್ನು ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ನಾನು ಹಿಂದಿನಿಂದ ಕಾಕಾನ ಅಂಗಿ ಜಗ್ಗಿದೆ. ಕಾಕಾನಿಗೆ ಎಲ್ಲಿಯ ಎಚ್ಚರ! ರಜಿಸ್ಟರಿನ ಮುಂದಿನ ಕಾಲಮಿಗೆ ಹೋದರು.

"ನಾಚ್ಕೊಬ್ಯಾಡ್ರಿ, ಸರಕಾರಿ ಕೆಲಸ ಇದು. ಎಂದಿನಿಂದ ಹೊರಗ ಇದ್ದೀರಿ? ಇನ್ನೂ ಎಷ್ಟು ದಿವಸ?"

ಬಾಗಿಲು ಧಡಾರನೆ ಮುಚ್ಚಿತು. ಒಳಗೆ ಮುದುಕಿಯೊಬ್ಬಳ ದನಿ ಕೇಳಿತು: "ಯಾರವಾ ಅವರು?"

"ಮುನ್ಸಿಪಾಲಿಟಿಯವರ‍್ರಿ ಅತ್ತಿ! ಈಗ ಇದನ್ನೂ ಬರಕೊಳ್ಳಿಕತ್ತಾರ!"

ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಆಯಿತು. ಮಾವಶಿ ಎರಡು ದಿನ ನೀರಿಗೆ ಹೋಗಲಿಲ್ಲ. ಕಾಕಾನಿಗೆ ಅರ್ಥ ಬಿಡಿಸಿ ಹೇಳುವ ಕೆಲಸವೂ ಆಕೆಗೇ ಬಿತ್ತು. ಹೇಳಿದ ಮೇಲೆ ಅವರು ರಜಿಸ್ಟರು ಮುಚ್ಚಿಟ್ಟು, "ಭಾಷಾದಾಗ ಶಬ್ದ ಕಡಿಮಿ ಬಿದ್ದಾವ," ಎಂದರು.

ಮನೆಗಳ ಗೊಡವೆ ಬಿಟ್ಟು ಕಾಕಾ ಮುನ್ಸಿಪಾಲಿಟಿಯ ಧರ್ಮಶಾಲೆಗೆ ತಿರುಗಿದರು. ಅಲ್ಲಿ ರಂಗೂನಿನಿಂದ ಬಂದ ಒಂದು ಸಂಸಾರ ಮೂರು ತಿಂಗಳಿಂದ ಉಳಿದಿತ್ತು. ಒಬ್ಬ ಮುದುಕಿ, ಆಕೆಯ ಸೊಸೆ, ಇಬ್ಬರು ಹೆಣ್ಣು ಮೊಮ್ಮಕ್ಕಳು. ಜಪಾನಿನವರು ಬಂದಾಗ ಬರ್ಮಾ ಬಿಟ್ಟು ಗುಡ್ಡ ಕಾಡು ನಡೆದು ದಾಟಿದವರು. ಮಗ ಹಾದಿಯಲ್ಲಿ ಜ್ವರ ಬಂದು ತೀರಿದ್ದ. ಧರ್ಮಶಾಲೆಯ ನಿಯಮದಂತೆ ಯಾರಿಗೇ ಆಗಲಿ ಮೂರು ದಿನದ ಮೇಲೆ ಜಾಗವಿಲ್ಲ. ಇವರನ್ನು ವಾರದೊಳಗೆ ಖಾಲಿ ಮಾಡಿಸಬೇಕೆಂದು ಕಾಕಾ ಠರಾವು ಕೊಟ್ಟಿದ್ದರು. ಅದನ್ನು ದುಂಡಗೆ ಬರೆದವಳು ನಾನೇ. ಬರೆಯುವಾಗ ಅವರು ಎಲ್ಲಿಗೆ ಹೋಗುತ್ತಾರೆ ಎಂಬ ವಿಚಾರ ನನಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಆದರೂ ಬರೆದೆ.

ಸಭೆಗೆ ಮೊದಲು ಕಣ್ಣಾರೆ ನೋಡಿ ಬರೋಣವೆಂದು ಒಂದು ಮಧ್ಯಾಹ್ನ ಕಾಕಾ ನನ್ನನ್ನು ಕರೆದುಕೊಂಡು ಹೋದರು. ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಅದರ ಮೇಲೆ ಒಂದೇ ಗಡಿಗೆ, ಒಳಗೆ ತಿಳಿ ಗಂಜಿ. ಮೊದಮೊದಲು ಊರವರು ಅಕ್ಕಿ ಬೇಳೆ ಕೊಟ್ಟಿದ್ದರು. ಮೂರು ತಿಂಗಳಲ್ಲಿ ಊರಿಗೆ ಮರೆವು ಬಂದಿತ್ತು.

"ಯಾವೂರಿನವರು ನೀವು?" ಎಂದು ಕಾಕಾ ಕೇಳಿದರು.

"ಲಗ್ನಾ ಆಗಿ ಹೋಗೂ ಮುಂದ ಈ ಸೀಮಿಯಾಕೀನ ಇದ್ದೆನ್ರಿ," ಎಂದಳು ಮುದುಕಿ. "ಅಲ್ಲಿ ನಲವತ್ತು ವರ್ಷ ಪರದೇಶದಾಕಿ ಅಂದ್ರು. ಈಗ ತವರೂರಾಗ ನಮ್ಮವರು ಯಾರೂ ಉಳದಿಲ್ಲ, ಇಲ್ಲಿ ನೀವೂ ಪರದೇಶದಾಕಿ ಅಂತೀರಿ. ನಿಮಗ ಏನು ಬೇಕೋ ಅದನ್ನ ಬರಕೊಳ್ರಿ." ಆಮೇಲೆ ಕಾಕಾನ ಬೆವೆತ ಮುಖ ನೋಡಿ, "ಬಿಸಲಾಗ ಬಂದೀರಿ. ಊಟಾ ಆತೇನ್ರಿ ನಿಮ್ದು?" ಎಂದು ಕೇಳಿದಳು.

ಕಾಕಾ, "ಆತು," ಎಂದರು. ರಜಿಸ್ಟರಿನಲ್ಲಿ ಏನನ್ನೂ ಬರೆಯಲಿಲ್ಲ. ತಾವೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯ ಹಾದಿ ಹಿಡಿದರು. ಬಿಸಿಲು ತಲೆಗೆ ಏರಿದೆ ಎಂದುಕೊಂಡೆ.

ಸಭೆಯ ದಿನ ನಾನು ಕಿಟಕಿಯ ಹತ್ತಿರ ಪಡಸಾಲೆಯಲ್ಲಿ ಕೂತಿದ್ದೆ. ಕಾಕಾ ಅರ್ಧ ತಾಸು ಭಾಷಣ ಮಾಡಿದರು. ದೇಶ ಒಂದು ಮನೆ ಎಂದರು, ನಿಯಮ ನಿಯಮವೇ ಎಂದರು, ಇವತ್ತು ನಾಲ್ವರು ನಾಳೆ ನಾನೂರು ಎಂದರು. ಇಷ್ಟು ಚಂದ ಅವರು ಎಂದೂ ಮಾತಾಡಿರಲಿಲ್ಲ. ಠರಾವಿನ ಪರ ಏಳು ಕೈ ಎದ್ದವು. ವಿರುದ್ಧ ಎಂದಾಗಲೂ ಏಳು. ಪ್ರೆಸಿಡೆಂಟರು ಇನ್ನೊಮ್ಮೆ ಎಣಿಸಿದರು. ಎಂಟು!

"ಅಲ್ರೀ, ಠರಾವು ನಿಮ್ಮದ ಅಲ್ಲೇನು?" ಎಂದು ಅವರು ಕಾಕಾನನ್ನು ಕೇಳಿದರು.

"ಹೌದ್ರಿ, ನಂದ."

"ಮತ್ತ ಈ ಕೈ?"

"ಕೈನೂ ನಂದ."

ಸಭೆಯೆಲ್ಲ ನಕ್ಕಿತು. ಠರಾವು ಬಿತ್ತು. ಹಾಗಾದರೆ ಆ ಸಂಸಾರಕ್ಕೆ ಮುನ್ಸಿಪಾಲಿಟಿಯಿಂದ ತಿಂಗಳಿಗೆ ಇಷ್ಟು ಎಂದು ಕಾಳುಕಡಿ ಕೊಡೋಣ ಎಂದು ಒಬ್ಬ ಮೆಂಬರರು ಹೇಳಿದರು. ನಗು ಇನ್ನೂ ನಿಂತಿರಲಿಲ್ಲ, ಕಾಕಾ ಮತ್ತೆ ಎದ್ದರು. ಸರಕಾರದ ಒಂದು ಕಾಳೂ ಕೊಡಕೂಡದು! ಪಟ್ಟು ಹಿಡಿದು ಅದನ್ನೂ ಬೀಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಸೂರು ಕೊಟ್ಟು ಅನ್ನ ಕಸಿದುಕೊಳ್ಳುವುದು ಎಂಥ ರಾಜಕಾರಣ? ಮನೆಗೆ ಬರುವ ಹಾದಿಯಲ್ಲಿ ನಾನು ಅವರೊಡನೆ ನಡೆಯಲಿಲ್ಲ, ಮುಂದೆ ಮುಂದೆ ನಡೆದೆ.

ಕಾಕಾ ನೆಟ್ಟಗೆ ಮನೆಗೆ ಬರಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು, ರಜಿಸ್ಟರಿನ ಒಂದು ಖಾಲಿ ಹಾಳೆ ಹರಿದು ನನ್ನ ಮುಂದೆ ಇಟ್ಟು ಬರೆಸಿದರು. ಸೋಮವಾರ ವಕೀಲರ ಮನೆ. ಮಂಗಳವಾರ ಪ್ರೆಸಿಡೆಂಟರ ಮನೆ. ಗುರುವಾರ ಪೋಸ್ಟ್ ಮಾಸ್ತರರ ಮನೆ. ಹೀಗೆ ಆರು ದಿನ, ಆರು ಮನೆ. ಬಡ ವಿದ್ಯಾರ್ಥಿಗಳಿಗೆ ದಿನಕ್ಕೊಂದು ಮನೆಯಲ್ಲಿ ಊಟ ಹಾಕುವ ವಾರದ ಪದ್ಧತಿ ನಮ್ಮಲ್ಲಿ ಉಂಟಷ್ಟೇ. ಕಾಕಾ ಅದನ್ನು ರಂಗೂನಿನ ಸಂಸಾರಕ್ಕೆ ಹಚ್ಚಿ ಬಂದಿದ್ದರು.

"ಬುಧವಾರ ನಮ್ಮ ಮನಿ," ಎಂದರು.

ಮಾವಶಿ ಅಡಿಗೆಮನೆಯಿಂದ ಬಂದಳು. "ಸಮುದ್ರಾ ದಾಟಿದವರು. ನಮ್ಮ ಮನ್ಯಾಗ ಹೆಂಗ್ರಿ?"

"ಹೋಗೂ ಮುಂದ ಹಡಗಿನ್ಯಾಗ ಹೋಗ್ಯಾರ, ಖರೇ. ಬರೂ ಮುಂದ ನಡಕೋತ ಬಂದಾರ. ದೋಷ ಅರ್ಧಾ ಹೋತು."

"ಉಳದ ಅರ್ಧಾ?"

"ನನ್ನ ತಲಿ ಮ್ಯಾಲೆ ಹಾಕು."

ಮಾವಶಿ ನಕ್ಕಳು. "ಆತು, ಬರಲಿ. ಆದ್ರ ಬುಧವಾರ ನಂದು ಭಜನಿ ಇರತದ. ವಕೀಲರಿಗೆ ಹೇಳಿ ಸೋಮವಾರ ನಾವು ಹಿಡಿಯೂಣು."

"ಬ್ಯಾಡ. ಬುಧವಾರನ ಇರಲಿ."

"ಏನು ಹಟಾರೀ ಇದು?"

ಕಾಕಾ ತಲೆಯ ರುಮಾಲು ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡರು. "ನಾ ಕಲೀಲಿಕ್ಕೆ ಈ ಊರಿಗೆ ಬಂದಾಗ ವಾರದ ಊಟಾ ಹಚ್ಚಿದ್ದೆ, ನಿನಗ ಗೊತ್ತದ. ಬುಧವಾರ ಯಾರೂ ಸಿಗಲಿಲ್ಲ. ನಾಕು ವರ್ಷ ಬುಧವಾರ ಸಿಗಲೇ ಇಲ್ಲ. ಊಟದ ಹೊತ್ತಿಗೆ ಓಣ್ಯಾಗ ತಿರಗತಿದ್ದೆ. ಯಾರರ ಊಟಾ ಆತೇನು ಅಂತ ಕೇಳಿದ್ರ, ಆತು ಅಂತಿದ್ದೆ."

ವಾರದ ಊಟ ಮಾಡಿ ಕಲಿತವರು ಎಂಬುದು ಮಾವಶಿಗೆ ಗೊತ್ತಿತ್ತು. ಅದರಲ್ಲಿ ಒಂದು ದಿನ ಕಡಿಮೆ ಎಂಬುದು ಮೂವತ್ತು ವರ್ಷ ಒಟ್ಟಿಗೆ ಇದ್ದೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ.

"ಇಷ್ಟು ವರ್ಷ ನನಗ್ಯಾಕ ಹೇಳಲಿಲ್ರೀ?" ಎಂದು ಆಕೆ ಕೇಳಿದಳು.

"ಹೇಳಿದ್ರ ನೀ ಬುಧವಾರಕ್ಕೊಮ್ಮೆ ಎರಡೆರಡು ಸರ್ತಿ ಉಣಸ್ತಿದ್ದಿ. ಸುಮ್ಮನ ಖರ್ಚು."

ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದಳು:

"ನಾಕು ಮಂದಿ ಅಲ್ಲೇನ್ರಿ ಅವರು? ಆ ಹುಡುಗ್ಯಾರಿಗೆ ಹೋಳಿಗಿ ಸೇರತಾವೇನ್ರಿ?"